ಪ್ರಶ್ನೋತ್ತರ: ಊರ ಕಾಲೇಜಿನ ಬೇಡಿಕೆ, ಕೈಯಲ್ಲಿರುವ ಮೊಬೈಲು

ಪ್ರಶ್ನೆ: ನಾವು ಗದಗ ಜಿಲ್ಲೆಯ ತಾಲ್ಲೂಕು ಸ್ಥಳವೊಂದರ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನ ಹಳೆಯ ವಿದ್ಯಾರ್ಥಿಗಳು. ನಮ್ಮಲ್ಲಿ ಬಿ.ಎ. ಮತ್ತು ಬಿ.ಕಾಂ. ಮಾತ್ರ ಇವೆ. ಪಿಯುಸಿಯಲ್ಲಿ ವಿಜ್ಞಾನ ಓದಿದ ಹೆಣ್ಣುಮಕ್ಕಳು ಬಿ.ಎಸ್ಸಿ. ಓದಲು ಗದಗಕ್ಕೋ ಹುಬ್ಬಳ್ಳಿಗೋ ಹೋಗಬೇಕು; ಎಷ್ಟೋ ಮನೆಗಳಲ್ಲಿ ಓದು ಅಲ್ಲಿಗೇ ನಿಲ್ಲುತ್ತದೆ. ಬಿ.ಎಸ್ಸಿ. ಆರಂಭಿಸಬೇಕೆಂದು ವಾಟ್ಸ್‌ಆ್ಯಪ್ ಗುಂಪು ಕಟ್ಟಿ ಎರಡು ವರ್ಷ ಪೋಸ್ಟರ್, ವಿಡಿಯೊ ಹಂಚಿದೆವು. ಆನ್‌ಲೈನ್ ಮನವಿಗೆ ನಾಲ್ಕು ಸಾವಿರ ಸಹಿಗಳು ಬಂದವು. ಆದರೆ ಏನೂ ಆಗಲಿಲ್ಲ. ನಾವು ಎಲ್ಲಿ ತಪ್ಪಿದೆವು?
– ಓದುಗರು, ಗದಗ ಜಿಲ್ಲೆ

ಉತ್ತರ: ನಿಮ್ಮ ಶ್ರಮ ಹುಸಿಯಲ್ಲ, ಆದರೆ ಅದು ಸೇರಬೇಕಾದ ಮೇಜನ್ನು ಸೇರಿಲ್ಲ. ಆ ನಾಲ್ಕು ಸಾವಿರ ಸಹಿಗಳಲ್ಲಿ ನಿಮ್ಮ ತಾಲ್ಲೂಕಿನಲ್ಲಿ ವಾಸಿಸುವವರು ಎಷ್ಟು ಮಂದಿ, ಅವರಲ್ಲಿ ಯಾರ ಮನೆಯ ಮಗಳು ಈಗ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ ಎಂದು ಕೇಳಿದರೆ ನಿಮ್ಮಲ್ಲಿ ಉತ್ತರವಿದೆಯೇ? ಹೊಸ ಕೋರ್ಸಿನ ಕಡತ ಪ್ರಾಂಶುಪಾಲರ ಪ್ರಸ್ತಾವನೆಯಿಂದ ಹೊರಟು, ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿಯನ್ನು ದಾಟಿ, ಕಾಲೇಜು ಶಿಕ್ಷಣ ಇಲಾಖೆಗೆ ಹೋಗುತ್ತದೆ. ಅಲ್ಲಿ ಹುದ್ದೆ ಮತ್ತು ಪ್ರಯೋಗಾಲಯದ ಖರ್ಚಿನ ಪ್ರಶ್ನೆ ಏಳುತ್ತದೆ. ವಿಶ್ವವಿದ್ಯಾಲಯದ ಸಂಯೋಜನೆಯೂ, ಅಂದರೆ ಕೋರ್ಸಿಗೆ ಅದು ಕೊಡುವ ಮಾನ್ಯತೆಯೂ, ಬೇಕು. ಅದಕ್ಕೆ ಸ್ಥಳೀಯ ವಿಚಾರಣಾ ಸಮಿತಿ ಬಂದು ಕೊಠಡಿ, ಸಲಕರಣೆ, ಬೋಧಕರನ್ನು ನೋಡುತ್ತದೆ. ಈ ಎಲ್ಲ ಮೇಜುಗಳಲ್ಲೂ ಕುಳಿತವರು ಕೇಳುವುದು ಒಂದೇ ಪ್ರಶ್ನೆ: ಕೋರ್ಸು ಕೊಟ್ಟರೆ ಬರುವ ವರ್ಷ ಎಷ್ಟು ಮಂದಿ ಪ್ರವೇಶ ಪಡೆಯುತ್ತಾರೆ?

ರಾಜ್ಯದ ಸರಾಸರಿ ಈ ಪ್ರಶ್ನೆಗೆ ಉತ್ತರವಾಗುವುದಿಲ್ಲ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಕಾಲೇಜು ವಯಸ್ಸಿನವರ ಒಟ್ಟು ದಾಖಲಾತಿ ಅನುಪಾತ, ಅಂದರೆ ಆ ವಯಸ್ಸಿನ ಪ್ರತಿ ನೂರು ಮಂದಿಗೆ ಉನ್ನತ ಶಿಕ್ಷಣಕ್ಕೆ ಸೇರಿದವರ ಲೆಕ್ಕ, ದೇಶದಲ್ಲಿ 28.4, ಕರ್ನಾಟಕದಲ್ಲಿ 36.2. ಈ ಅಂಕಿಯನ್ನು ನೋಡಿದ ಅಧಿಕಾರಿಗೆ ನಮ್ಮ ರಾಜ್ಯ ಮುಂದಿದೆ ಎಂದೇ ತೋರುತ್ತದೆ. ನಿಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ನಿಂತುಹೋದ ಓದು ಆ ಸರಾಸರಿಯೊಳಗೆ ಮರೆಯಾಗಿದೆ. ಅದನ್ನು ಎಣಿಸಿ ಹೊರಗೆ ತರಬಲ್ಲವರು ನೀವೇ, ಮತ್ತು ಅದಕ್ಕೆ ಬೇಕಾದ ಸಾಧನ ಈಗಾಗಲೇ ನಿಮ್ಮ ಕೈಯಲ್ಲಿದೆ.

ಗೂಗಲ್ ಫಾರ್ಮ್‌ನಲ್ಲಿ ಕನ್ನಡದ ಆರೇಳು ಪ್ರಶ್ನೆಗಳು ಸಾಕು: ಯಾವ ಊರು, ಯಾವ ಪಿಯು ಕಾಲೇಜು, ಯಾವ ವರ್ಷ, ಯಾವ ವಿಷಯಗಳು, ಇಲ್ಲಿಯೇ ಬಿ.ಎಸ್ಸಿ. ಇದ್ದರೆ ಸೇರುವಿರಾ, ಮನೆಯಿಂದ ಕಾಲೇಜಿಗೆ ಹೇಗೆ ಬರುತ್ತೀರಿ, ಎಷ್ಟು ಹೊತ್ತಾಗುತ್ತದೆ. ಆದರೆ ಕೊಂಡಿಯನ್ನು ಗುಂಪಿನಲ್ಲಿ ಹಾಕಿ ಸುಮ್ಮನಾಗಬೇಡಿ. ಮನೆಗೊಂದೇ ಮೊಬೈಲು ಇರುವಲ್ಲಿ ಅದು ಅಪ್ಪನ ಅಥವಾ ಅಣ್ಣನ ಕಿಸೆಯಲ್ಲಿರುತ್ತದೆ. ನೀವು ಯಾರ ಪರವಾಗಿ ಕೇಳುತ್ತಿದ್ದೀರೋ ಆ ಹುಡುಗಿಗೆ ನಿಮ್ಮ ಕೊಂಡಿ ಮುಟ್ಟುವುದೇ ಇಲ್ಲ. ಪ್ರಾಂಶುಪಾಲರ ಅನುಮತಿ ಪಡೆದು ಪಿಯು ಕಾಲೇಜುಗಳಿಗೆ ಹೋಗಿ, ನಿಮ್ಮ ಗುಂಪಿನ ಹೆಣ್ಣುಮಕ್ಕಳೇ ಅವರ ಪಕ್ಕದಲ್ಲಿ ಕುಳಿತು, ಕೇಳಿ ತುಂಬಿಸಲಿ. ಹೆಸರು ಬೇಕಾಗಿಲ್ಲ. ಎರಡು ವಾರದ ಇಂಥ ಓಡಾಟದಿಂದ ಸಿಗುವ ಊರುವಾರು ಪಟ್ಟಿ, ಅದರಲ್ಲಿರುವುದು ಬರೀ ಎಪ್ಪತ್ತು ಮಂದಿಯ ಲೆಕ್ಕವಾದರೂ, ನಾಲ್ಕು ಸಾವಿರ ಸಹಿಗಳಿಗಿಂತ ತೂಕದ್ದಾಗಿರುತ್ತದೆ.

ಆ ಪಟ್ಟಿಯೊಂದಿಗೆ ಒಂದು ಪುಟದ ಮನವಿಯನ್ನು ಪ್ರಾಂಶುಪಾಲರಿಗೆ, ಶಾಸಕರಿಗೆ, ಧಾರವಾಡದ ಜಂಟಿ ನಿರ್ದೇಶಕರ ಕಚೇರಿಗೆ ಒಂದೇ ದಿನ ತಲುಪಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಮೊಹರಿರುವ ಪ್ರತಿಯ ಚಿತ್ರವನ್ನು ಗುಂಪಿನಲ್ಲಿ ಹಾಕಿರಿ. ವಾಟ್ಸ್‌ಆ್ಯಪ್ ಗುಂಪಿನ ನಿಜವಾದ ಉಪಯೋಗ ಇದೆಂದು ನಾನು ನಂಬಿದ್ದೇನೆ: ಯಾವ ದಿನ ಯಾರಿಗೆ ಏನು ಕೊಟ್ಟೆವು, ಅವರು ಏನೆಂದರು ಎಂಬುದು ಎಲ್ಲರಿಗೂ ನೆನಪಿರಬೇಕು. ಶುಭೋದಯದ ಚಿತ್ರಗಳ ನಡುವೆ ಅದು ಹೂತುಹೋಗುತ್ತದೆಯಾದ್ದರಿಂದ, ನಿರ್ವಾಹಕರು ಮಾತ್ರ ಬರೆಯಬಹುದಾದ ಬೇರೊಂದು ಗುಂಪನ್ನು ಈ ಕೆಲಸಕ್ಕೇ ಇರಿಸಿರಿ.

ಇಂಥ ಪ್ರಸ್ತಾವನೆ ಹಿಂದೆಂದಾದರೂ ಹೋಗಿತ್ತೇ, ಹೋಗಿದ್ದರೆ ಯಾವ ಹಂತದಲ್ಲಿದೆ ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಿರಿ. ರಾಜ್ಯ ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲೂ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಇದನ್ನು ಅರಿಯದೆ ಎರಡು ಪುಟ ಬರೆದು ತಿರಸ್ಕೃತರಾದವರನ್ನು ನಾನು ಬಲ್ಲೆ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿರಿ. ಸಿಕ್ಕ ಉತ್ತರವನ್ನು ನಿಮ್ಮ ಶಾಸಕರಿಗೋ ವಿಧಾನ ಪರಿಷತ್ತಿನ ಸದಸ್ಯರಿಗೋ ಒಪ್ಪಿಸಿ, ಚುಕ್ಕೆ ಗುರುತಿನ ಪ್ರಶ್ನೆಯಾಗಿ, ಅಂದರೆ ಸಚಿವರು ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆಯಾಗಿ, ಸದನದಲ್ಲಿ ಕೇಳುವಂತೆ ಕೋರಿರಿ. ಸಚಿವರ ಉತ್ತರ ಸದನದ ದಾಖಲೆಗೆ ಸೇರಿದ ಮೇಲೆ ನಿಮ್ಮ ಬೇಡಿಕೆ ಇಲ್ಲವೇ ಇಲ್ಲ ಎಂದು ಹೇಳಲು ಯಾರಿಗೂ ಬರುವುದಿಲ್ಲ.

ಇನ್ನೊಂದು ಮಾತು. ಫಾರ್ಮ್ ತುಂಬಿಸುವಾಗ ಕೆಲವರ ಅಡಚಣೆ ಕೋರ್ಸಲ್ಲ, ಬಸ್ಸು ಎಂಬುದು ನಿಮಗೇ ಕಂಡುಬರಬಹುದು. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟಿನ ರೊಕ್ಕದ ಚಿಂತೆ ತಪ್ಪಿತು; ಆದರೆ ಮೊದಲ ತರಗತಿ ಆರಂಭವಾಗಿ ಅರ್ಧ ತಾಸಾದ ಮೇಲೆ ಊರು ಮುಟ್ಟುವ ಬಸ್ಸು ಉಚಿತವಾಗಿದ್ದರೂ ಉಪಯೋಗಕ್ಕೆ ಬಾರದು. ಹದಿನೈದು ಹುಡುಗಿಯರು ಯಾವ ನಿಲ್ದಾಣದಲ್ಲಿ ಎಷ್ಟು ಹೊತ್ತು ಕಾಯುತ್ತಾರೆಂಬ ಒಂದು ವಾರದ ಲೆಕ್ಕವನ್ನು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಗದಗ ವಿಭಾಗದ ನಿಯಂತ್ರಣಾಧಿಕಾರಿಗಳಿಗೆ ಕೊಡಿರಿ. ಬಸ್ಸಿನ ಸಮಯ ಬದಲಿಸಲು ಬೆಂಗಳೂರಿನ ಅಪ್ಪಣೆ ಬೇಕಿಲ್ಲ. ಬಿ.ಎಸ್ಸಿ. ಬರುವವರೆಗೆ ಗದಗಕ್ಕೆ ಹೋಗಿ ಬರುವವರ ಓದಾದರೂ ಉಳಿಯುತ್ತದೆ, ಬಳಲಿದ ನಿಮ್ಮ ಗುಂಪಿಗೂ ಧೈರ್ಯ ಬರುತ್ತದೆ. ಧಾರವಾಡದ ಕರ್ನಾಟಕ ಕಾಲೇಜು ಕೂಡ 1917ರಲ್ಲಿ ತಾನಾಗಿ ಬಂದದ್ದಲ್ಲ. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರು ಬಿಡದೆ ಬೆನ್ನುಹತ್ತಿ ತಂದದ್ದು. ಎರಡು ವರ್ಷಕ್ಕೆ ನೀವು ಕೈಬಿಡಬಾರದು.

ಪ್ರಶ್ನೆ: ಮುಖ್ಯಮಂತ್ರಿಗಳನ್ನೂ ಸಚಿವರನ್ನೂ ಎಕ್ಸ್‌ನಲ್ಲಿ ಟ್ಯಾಗ್ ಮಾಡಿದರೆ ಪ್ರಯೋಜನವಿದೆಯೇ?
– ಓದುಗರು, ಹುಬ್ಬಳ್ಳಿ

ಉತ್ತರ: ಪರೀಕ್ಷೆಯ ಹಿಂದಿನ ದಿನ ಪ್ರವೇಶ ಪತ್ರ ಸಿಗದಂಥ ತುರ್ತಿನಲ್ಲಿ ಪ್ರಯೋಜನವಾಗಬಹುದು. ದೀರ್ಘ ಬೇಡಿಕೆಗೆ ಅದನ್ನು ನೆಚ್ಚಬೇಡಿ, ಏಕೆಂದರೆ ಅಲ್ಲಿ ಬರೆದದ್ದಕ್ಕೆ ಕಡತ ಸಂಖ್ಯೆ ಇರುವುದಿಲ್ಲ. ಅದೇ ಮಾತನ್ನು ರಾಜ್ಯ ಸರ್ಕಾರ ದೂರು ಸ್ವೀಕರಿಸುವ ಜನಸ್ಪಂದನ ಪೋರ್ಟಲ್‌ನಲ್ಲಿ ಅಥವಾ 1902 ಸಹಾಯವಾಣಿಯಲ್ಲಿ ದಾಖಲಿಸಿದರೆ ಒಂದು ಸಂಖ್ಯೆ ಸಿಗುತ್ತದೆ, ಅದನ್ನು ಹಿಡಿದು ಮತ್ತೆ ಮತ್ತೆ ವಿಚಾರಿಸಬಹುದು.

ಪ್ರಶ್ನೆ: ಹಾವೇರಿ ವಿಶ್ವವಿದ್ಯಾಲಯವನ್ನು ಮುಚ್ಚುವ ಮಾತು ಬಂದಾಗ ನಮ್ಮ ಜಿಲ್ಲೆಯ ಅನೇಕರು ಫೇಸ್‌ಬುಕ್‌ನಲ್ಲಿ ಸಿಟ್ಟು ತೋರಿಸಿದೆವು. ನನ್ನಂಥ ಸಾಮಾನ್ಯ ಪದವೀಧರ ಅದಕ್ಕಿಂತ ಹೆಚ್ಚು ಏನು ಮಾಡಲು ಸಾಧ್ಯ?
– ಓದುಗರು, ರಾಣೆಬೆನ್ನೂರು

ಉತ್ತರ: ಹೊಸದಾಗಿ ಸ್ಥಾಪನೆಯಾದ ಹತ್ತು ವಿಶ್ವವಿದ್ಯಾಲಯಗಳ ಪೈಕಿ ಒಂಬತ್ತನ್ನು ಮುಚ್ಚುವ ಅಭಿಪ್ರಾಯಕ್ಕೆ ಸಚಿವ ಸಂಪುಟದ ಉಪಸಮಿತಿ 2025ರ ಫೆಬ್ರುವರಿಯಲ್ಲಿ ಬಂದಾಗ ಹಾವೇರಿಯೂ ಆ ಒಂಬತ್ತರಲ್ಲಿತ್ತು. ಮುಂದಿಟ್ಟ ಮುಖ್ಯ ಕಾರಣ ಹಣಕಾಸಿನದು. ಜಿಲ್ಲೆಯ ಅಭಿಮಾನದ ಮಾತಿನಿಂದ ಆ ಕಾರಣಕ್ಕೆ ಉತ್ತರ ಕೊಟ್ಟಂತಾಗುವುದಿಲ್ಲ. ಹಿರೇಕೆರೂರಿನ ಒಬ್ಬ ವಿದ್ಯಾರ್ಥಿನಿ ಸ್ನಾತಕೋತ್ತರ ಪದವಿಗೆ ಧಾರವಾಡಕ್ಕೇ ಹೋಗಬೇಕಾದರೆ ವರ್ಷಕ್ಕೆ ಊಟ, ವಸತಿಗೆ ತಗಲುವ ಖರ್ಚು ಎಷ್ಟು, ಕೆರಿಮತ್ತಿಹಳ್ಳಿಯ ಕ್ಯಾಂಪಸ್ಸಿನಲ್ಲಿ ಈಗ ಓದುತ್ತಿರುವವರಲ್ಲಿ ಎಷ್ಟು ಮಂದಿ ದಿನವೂ ಮನೆಯಿಂದಲೇ ಬಂದು ಹೋಗುತ್ತಾರೆ ಎಂಬ ಲೆಕ್ಕವನ್ನು ಕೂಡಿಸಿ ಮುಂದಿಡುವುದು ಮೊದಲ ಕೆಲಸ.

ಎರಡನೆಯದು ಪದವೀಧರರ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಕೆಲಸ; ಅದನ್ನು ನಮ್ಮ ಭಾಗದ ಪದವೀಧರರು ಬಹಳ ಅಲಕ್ಷಿಸಿದ್ದಾರೆ ಎಂಬ ನೋವು ನನಗಿದೆ. ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಏಳು ಪದವೀಧರರ ಕ್ಷೇತ್ರಗಳಿಗೆ, ಏಳು ಶಿಕ್ಷಕರ ಕ್ಷೇತ್ರಗಳಿಗೆ ಮೀಸಲು. ಧಾರವಾಡ, ಹಾವೇರಿ, ಗದಗ, ಉತ್ತರ ಕನ್ನಡ ಜಿಲ್ಲೆಗಳು ಸೇರಿ ಪಶ್ಚಿಮ ಪದವೀಧರರ ಕ್ಷೇತ್ರವಾಗಿದೆ. ಅದರ ಮತದಾರರ ಪಟ್ಟಿಯನ್ನು ಪ್ರತಿ ಚುನಾವಣೆಗೂ ಹೊಸದಾಗಿ ಮಾಡುತ್ತಾರೆ. ಹಿಂದಿನ ಸಲ ಹೆಸರಿತ್ತೆಂದು ಈ ಸಲವೂ ಇರುತ್ತದೆಂದು ತಿಳಿಯಬಾರದು. ಕ್ಷೇತ್ರದ ನಿವಾಸಿಯಾಗಿದ್ದು ಪದವಿ ಪಡೆದು ಮೂರು ವರ್ಷವಾದವರು ನಮೂನೆ 18ನ್ನು ತುಂಬಿ, ಪದವಿಯ ದಾಖಲೆಯ ದೃಢೀಕೃತ ಪ್ರತಿಯೊಂದಿಗೆ ಸಲ್ಲಿಸಬೇಕು. ಈ ನಮೂನೆಯನ್ನು ಹಳೆಯ ವಿದ್ಯಾರ್ಥಿಗಳ ಗುಂಪುಗಳಲ್ಲಿ ಹಂಚುವುದು, ತುಂಬುವ ಬಗೆಯನ್ನು ಎರಡು ನಿಮಿಷದ ವಿಡಿಯೊದಲ್ಲಿ ತೋರಿಸುವುದು, ಕರಡು ಪಟ್ಟಿ ಪ್ರಕಟವಾದಾಗ ಬಿಟ್ಟುಹೋದ ಹೆಸರುಗಳನ್ನು ಹುಡುಕುವುದು ನಿಮ್ಮಿಂದ ಆಗುವ ಕೆಲಸ. ವಿಶ್ವವಿದ್ಯಾಲಯದ ಬಗ್ಗೆ ನಿಮ್ಮ ನಿಲುವೇನು ಎಂದು ಪ್ರತಿ ಅಭ್ಯರ್ಥಿಯಿಂದಲೂ ಲಿಖಿತ ಉತ್ತರ ಪಡೆದು, ಒಂದಕ್ಷರ ತಿದ್ದದೆ ಹಂಚಿರಿ.

ಪ್ರಶ್ನೆ: ನಾನು ಬಿ.ಕಾಂ. ಎರಡನೆಯ ವರ್ಷದಲ್ಲಿದ್ದೇನೆ. ನನಗೂ ನನ್ನ ತರಗತಿಯ ಹಲವರಿಗೂ ವಿದ್ಯಾರ್ಥಿವೇತನ ಬಂದಿಲ್ಲ. ಆಧಾರ್ ಮತ್ತು ಜಾತಿ ಪ್ರಮಾಣಪತ್ರ ತೋರಿಸಿ ವಿಡಿಯೊ ಮಾಡಿ ಹಾಕು, ವೈರಲ್ ಆಗುತ್ತದೆ ಎಂದು ಗೆಳತಿಯರು ಹೇಳುತ್ತಾರೆ. ಹಾಕಬಹುದೇ?
– ವಿದ್ಯಾರ್ಥಿನಿ, ಕಲಘಟಗಿ

ಉತ್ತರ: ಬೇಡ ತಂಗಿ. ನಿನ್ನ ದಾಖಲೆಗಳು ಒಮ್ಮೆ ಹೊರಗೆ ಹೋದರೆ ಮರಳಿ ಬರುವುದಿಲ್ಲ, ಅವುಗಳಿಂದ ಬ್ಯಾಂಕಿನ ಮೋಸವೂ ಆಗಬಹುದು. ಮೊದಲು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನಿನ್ನ ಅರ್ಜಿ ಯಾವ ಹಂತದಲ್ಲಿದೆ ನೋಡು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗದೆ ಹಣ ನಿಲ್ಲುವುದು ಸಾಮಾನ್ಯ. ಆ ಬಳಿಕ ತರಗತಿಯವರೆಲ್ಲ ಸೇರಿ, ಯಾರ ಅರ್ಜಿ ಯಾವ ಹಂತದಲ್ಲಿ ನಿಂತಿದೆ ಎಂದು ಹೆಸರಿಲ್ಲದ ಒಂದು ಪಟ್ಟಿ ಮಾಡಿರಿ. ಹದಿನೆಂಟು ಮಂದಿಯ ಅರ್ಜಿ ಕಾಲೇಜಿನ ಪರಿಶೀಲನೆಯಲ್ಲೇ ನಿಂತಿದೆ ಎಂದು ಕಂಡರೆ, ದೋಷ ನಿಮ್ಮದಲ್ಲವೆಂಬುದಕ್ಕೆ ಅದೇ ಸಾಕ್ಷಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿಯಂತೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದು ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ ನೀಡಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ. ಪಟ್ಟಿಯನ್ನು ಸಮಿತಿಗೆ ಇಮೇಲಿನಲ್ಲೂ ಕಾಗದದಲ್ಲೂ ಕೊಟ್ಟು, ಕೊಟ್ಟ ದಿನಾಂಕವನ್ನು ಬರೆದಿಟ್ಟುಕೊಳ್ಳಿ. ವಿಡಿಯೊ ಮಾಡಲೇಬೇಕೆನಿಸಿದರೆ ಆ ಪಟ್ಟಿಯ ಅಂಕಿಗಳನ್ನಷ್ಟೇ ತೋರಿಸಿ, ಯಾರ ಮುಖವೂ ದಾಖಲೆಯೂ ಕಾಣದಂತೆ ಮಾಡಿರಿ.