ಫುಟ್‌ಬಾಲ್ ಹೊಸದಾಗಿ ನೋಡುವವರಿಗೆ ನಿಯಮಗಳೇನು? ಹೊಡೆದ ಗೋಲನ್ನು ಆಫ್‌ಸೈಡ್ ಅಂತ ಯಾಕೆ ರದ್ದು ಮಾಡುತ್ತಾರೆ?

ಇಷ್ಟು ದಿನ ಕ್ರಿಕೆಟ್ ಮಾತ್ರ ನೋಡಿದ್ದೀರಿ, ಈಗ ಫುಟ್‌ಬಾಲ್ ನೋಡಲು ಶುರು ಮಾಡಿದ್ದೀರಿ, ಆಫ್‌ಸೈಡ್ ಮಾತ್ರ ತಲೆಗೆ ಹತ್ತುತ್ತಿಲ್ಲ ಅಂದಿದ್ದೀರಿ. ಉಳಿದ ನಿಯಮಗಳು ನಾಲ್ಕು ಪಂದ್ಯ ನೋಡುವಷ್ಟರಲ್ಲಿ ತಾವಾಗಿಯೇ ತಿಳಿಯುತ್ತವೆ. ಅವನ್ನು ಬೇಗ ಮುಗಿಸಿ ಆಫ್‌ಸೈಡ್‌ಗೆ ಬರುತ್ತೇನೆ.

ತಂಡಕ್ಕೆ ಹನ್ನೊಂದು ಜನ, ಅದರಲ್ಲಿ ಒಬ್ಬರು ಗೋಲ್‌ಕೀಪರ್. 45 ನಿಮಿಷದ ಎರಡು ಅವಧಿ, ನಡುವೆ ಹೆಚ್ಚೆಂದರೆ 15 ನಿಮಿಷ ಬಿಡುವು. ಗಡಿಯಾರ ನಿಲ್ಲುವುದಿಲ್ಲ. ಗಾಯ, ಆಟಗಾರರ ಬದಲಾವಣೆ ಇತ್ಯಾದಿಗಳಲ್ಲಿ ಹೋದ ಸಮಯವನ್ನು ರೆಫರಿ ಅವಧಿಯ ಕೊನೆಗೆ ಸೇರಿಸುತ್ತಾರೆ. ಗೋಲ್ ಕಂಬಗಳ ನಡುವಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್.

ಕ್ರಿಕೆಟ್ ಕಣ್ಣಿಗೆ ಮೋಸವಾಗುವುದು ಗೆರೆಯ ವಿಷಯದಲ್ಲಿ. ಅಲ್ಲಿ ಚೆಂಡು ಹಗ್ಗಕ್ಕೆ ತಾಗಿದರೆ ಬೌಂಡರಿ. ಇಲ್ಲಿ ಇಡೀ ಚೆಂಡು ಗೆರೆಯನ್ನು ಪೂರ್ತಿ ದಾಟಬೇಕು, ಕೂದಲೆಳೆಯಷ್ಟು ಗೆರೆಯ ಮೇಲಿದ್ದರೂ ಗೋಲಲ್ಲ. ಪಕ್ಕದ ಗೆರೆಗೂ ಇದೇ ಲೆಕ್ಕ, ಗಾಳಿಯಲ್ಲಿ ದಾಟಿದರೂ ದಾಟಿದಂತೆಯೇ. ಪಕ್ಕಕ್ಕೆ ಹೋದರೆ ಥ್ರೋ-ಇನ್: ಎರಡೂ ಕೈಯಲ್ಲಿ, ತಲೆಯ ಹಿಂದಿನಿಂದ ಮೇಲೆ ತಂದು ಎಸೆಯಬೇಕು, ಎರಡೂ ಕಾಲು ನೆಲಕ್ಕೆ ತಾಗಿರಬೇಕು. ಗೋಲಾಗದೆ ಗೋಲ್ ಗೆರೆಯಾಚೆ ಹೋದರೆ, ಕೊನೆಗೆ ಮುಟ್ಟಿದ್ದು ದಾಳಿ ಮಾಡುವವರಾದರೆ ಗೋಲ್ ಕಿಕ್ (ಕಾಯುವವರು ತಮ್ಮ ಗೋಲಿನ ಮುಂದಿನಿಂದ ಒದೆಯುತ್ತಾರೆ), ಗೋಲ್ ಕಾಯುವವರಾದರೆ ಕಾರ್ನರ್ (ದಾಳಿ ಮಾಡುವವರು ಮೈದಾನದ ಮೂಲೆಯಿಂದ ಒದೆಯುತ್ತಾರೆ).

ಈಗ ಆಫ್‌ಸೈಡ್. ಎದುರಾಳಿಯ ಅರ್ಧ ಮೈದಾನದಲ್ಲಿ, ಚೆಂಡಿಗಿಂತಲೂ ಮುಂದೆ, ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಅದು ಆಫ್‌ಸೈಡ್ ಸ್ಥಾನ. ಕೊನೆಯವನು ಸಾಮಾನ್ಯವಾಗಿ ಗೋಲ್‌ಕೀಪರ್, ಹಾಗಾಗಿ ನೀವು ನೋಡಬೇಕಾದ್ದು ಕೊನೆಯ ಡಿಫೆಂಡರನ್ನು. ಕೀಪರ್ ಗೋಲ್ ಬಿಟ್ಟು ಮುಂದೆ ಬಂದಿದ್ದರೆ ಮಾತ್ರ ಈ ಲೆಕ್ಕ ತಪ್ಪುತ್ತದೆ, ಆಗ ಹಿಂದೆ ಇಬ್ಬರು ಡಿಫೆಂಡರುಗಳಿರಬೇಕು. ಸರಿಸಮಾನ ಇದ್ದರೆ ಆಫ್‌ಸೈಡ್ ಅಲ್ಲ. ತಲೆ, ಮೈ, ಕಾಲು ಲೆಕ್ಕಕ್ಕೆ ಬರುತ್ತವೆ, ಕೈ ಬರುವುದಿಲ್ಲ.

ಇದನ್ನೆಲ್ಲ ಅಳೆಯುವುದು ಯಾವಾಗ? ಗೊಂದಲ ಇರುವುದೇ ಇಲ್ಲಿ. ಚೆಂಡು ಸಿಕ್ಕಾಗ ಅಲ್ಲ, ಜೊತೆಗಾರ ಚೆಂಡನ್ನು ಒದ್ದ ಕ್ಷಣದಲ್ಲಿ. ಒದ್ದಾಗ ಸ್ಟ್ರೈಕರ್ (ಗೋಲ್ ಹೊಡೆಯಲು ಮುಂದೆ ಆಡುವವನು) ಡಿಫೆಂಡರಿಗಿಂತ ಒಂದು ಹೆಜ್ಜೆ ಹಿಂದಿದ್ದು, ಚೆಂಡು ಕಾಲಿಗೆ ಸಿಗುವಷ್ಟರಲ್ಲಿ ಐದು ಮೀಟರ್ ಮುಂದೆ ಓಡಿದ್ದರೆ ಗೋಲ್ ಸರಿ. ಒದ್ದಾಗ ಮುಂದಿದ್ದು, ಹಿಂದಕ್ಕೆ ಬಂದು ಚೆಂಡು ಪಡೆದರೂ ಆಫ್‌ಸೈಡ್. ಟಿವಿ ಕ್ಯಾಮೆರಾ ಚೆಂಡಿನ ಹಿಂದೆ ಹೋಗುವುದರಿಂದ ನಮಗೆ ಕಾಣುವುದು ಎರಡನೆಯ ಕ್ಷಣ ಮಾತ್ರ. ಆದ್ದರಿಂದ ಪಾಸ್ ಕೊಡುವವನು ತಲೆ ಎತ್ತಿ ಮುಂದೆ ನೋಡಿದ ಕೂಡಲೇ ನೀವು ಚೆಂಡು ಬಿಟ್ಟು ಡಿಫೆಂಡರುಗಳ ಸಾಲನ್ನು ನೋಡಿ. ಒಂದು ವಾರ ಹೀಗೆ ನೋಡಿದರೆ ಲೈನ್ಸ್‌ಮನ್ (ಪಕ್ಕದ ಗೆರೆಯಲ್ಲಿರುವ ಸಹಾಯಕ ರೆಫರಿ) ಬಾವುಟ ಎತ್ತುವ ಮೊದಲೇ ನಿಮಗೆ ಗೊತ್ತಾಗುತ್ತದೆ.

ಆ ಜಾಗದಲ್ಲಿ ಸುಮ್ಮನೆ ನಿಂತಿದ್ದರೆ ತಪ್ಪಿಲ್ಲ. ಚೆಂಡು ಮುಟ್ಟಿದರೆ, ಕೀಪರ್ ಕಣ್ಣಿಗೆ ಅಡ್ಡ ನಿಂತರೆ, ಡಿಫೆಂಡರಿಗೆ ಅಡ್ಡಿಯಾದರೆ ತಪ್ಪು. ಬಾವುಟ ತಡವಾಗಿ ಏಳುವುದಕ್ಕೆ ಇದೂ ಒಂದು ಕಾರಣ. ಥ್ರೋ-ಇನ್, ಕಾರ್ನರ್, ಗೋಲ್ ಕಿಕ್‌ನಿಂದ ನೇರವಾಗಿ ಚೆಂಡು ಬಂದರೆ ಆಫ್‌ಸೈಡ್ ಇಲ್ಲವೇ ಇಲ್ಲ. ಈ ನಿಯಮ ಇರದಿದ್ದರೆ ಒಬ್ಬ ಇಡೀ ಪಂದ್ಯ ಕೀಪರ್ ಪಕ್ಕದಲ್ಲೇ ನಿಂತಿರುತ್ತಿದ್ದ. 1925ರವರೆಗೆ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಗಳು ಮೂವರಿರಬೇಕಿತ್ತು, ಗೋಲುಗಳೇ ಕಡಿಮೆಯಾದಾಗ ಅದನ್ನು ಇಬ್ಬರಿಗೆ ಇಳಿಸಿದರು. ಸರಿಸಮಾನ ಇದ್ದರೆ ಪರವಾಗಿಲ್ಲ ಎಂಬ ಸಡಿಲಿಕೆ ಬಂದದ್ದು 1990ರಲ್ಲಿ.

ಫೌಲ್ ಬಗ್ಗೆ: ಎದುರಾಳಿಯನ್ನು ಒದೆಯುವುದು, ತಳ್ಳುವುದು, ಎಡವಿಸುವುದು, ಜರ್ಸಿ ಹಿಡಿದು ಎಳೆಯುವುದು ಇವಕ್ಕೆ ಎದುರು ತಂಡಕ್ಕೆ ಫ್ರೀ ಕಿಕ್. ಕಾಯುವವರು ತಮ್ಮ ಪೆನಾಲ್ಟಿ ಚೌಕದೊಳಗೆ ಮಾಡಿದರೆ 11 ಮೀಟರ್ ದೂರದಿಂದ ಪೆನಾಲ್ಟಿ. ಕೈಗೆ ಚೆಂಡು ತಾಗಿದ್ದೆಲ್ಲ ಹ್ಯಾಂಡ್‌ಬಾಲ್ ಅಲ್ಲ. ಬೇಕೆಂದೇ ಮುಟ್ಟಿದ್ದು, ಅಥವಾ ಅಸಹಜವಾಗಿ ಕೈ ಚಾಚಿ ಮೈಯನ್ನು ದೊಡ್ಡದು ಮಾಡಿಕೊಂಡಾಗ ತಾಗಿದ್ದು ತಪ್ಪು. ಎರಡು ಹಳದಿ ಕಾರ್ಡ್ ಅಂದರೆ ಒಂದು ಕೆಂಪು. ಕೆಂಪು ಕಾರ್ಡ್ ಪಡೆದು ಹೊರಹೋದವನ ಜಾಗಕ್ಕೆ ಬೇರೆಯವರು ಬರುವಂತಿಲ್ಲ.

ಫ್ರೀ ಕಿಕ್‌ನಲ್ಲಿ ಎದುರಾಳಿಗಳು 9.15 ಮೀಟರ್ ದೂರ ಇರಬೇಕು. ಆದರೆ ಅವರು ಸಾಲಾಗಿ ನಿಂತು ಗೋಡೆ ಕಟ್ಟುವವರೆಗೆ ಒದೆಯುವವನು ಕಾಯಲೇಬೇಕೆಂದಿಲ್ಲ. 2023ರ ಮಾರ್ಚ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್ ಪಂದ್ಯದ ಹೆಚ್ಚುವರಿ ಸಮಯದಲ್ಲಿ, ಕೇರಳ ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟುತ್ತಿದ್ದಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಗೋಲಿಗೆ ಕಳಿಸಿಬಿಟ್ಟರು. ರೆಫರಿ ಗೋಲ್ ಕೊಟ್ಟರು, ಬ್ಲಾಸ್ಟರ್ಸ್ ಆಟಗಾರರು ಪ್ರತಿಭಟಿಸಿ ಮೈದಾನ ಬಿಟ್ಟರು, ಬೆಂಗಳೂರು ಎಫ್‌ಸಿ ಮುಂದಿನ ಸುತ್ತಿಗೆ ಹೋಯಿತು. ನಿಯಮದ ಪ್ರಕಾರ ದೂರ ಅಳೆದುಕೊಡಿ ಎಂದು ಒದೆಯುವ ತಂಡ ಕೇಳಿದರೆ ರೆಫರಿಯ ವಿಸಲ್‌ಗೆ ಕಾಯಬೇಕಾಗುತ್ತದೆ. ಫ್ರೀ ಕಿಕ್ ಹೊತ್ತಲ್ಲಿ ರೆಫರಿಯ ಕೈಯನ್ನೂ ಗಮನಿಸಿ: ಮೇಲೆತ್ತಿ ಹಿಡಿದಿದ್ದರೆ ಆ ಕಿಕ್ ನೇರವಾಗಿ ಗೋಲಿಗೆ ಹೋದರೂ ಲೆಕ್ಕಕ್ಕಿಲ್ಲ, ನಡುವೆ ಇನ್ನೊಬ್ಬ ಆಟಗಾರನಿಗೆ ತಾಗಿರಲೇಬೇಕು.