ಹುಳುಕಡ್ಡಿ ಮತ್ತೆ ಮತ್ತೆ ಬರ್ತಿದ್ದರೆ ಟ್ಯೂಬ್ ತಿರುಗಿಸಿ ನೋಡಿ
ನಾಟಿ ಮುಗಿದ ಮೇಲೆ ಸೊಂಟದಲ್ಲಿ ಎದ್ದ ಹುಳುಕಡ್ಡಿ, ಟ್ಯೂಬ್ ಹಚ್ಚಿದಾಗ ತಗ್ಗಿ, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಬಂತು ಅಂದಿರಲ್ಲ ಅಣ್ಣ, ನನ್ನದೂ ಅದೇ ಕತೆ. ಹೆಸರಲ್ಲಿ ಹುಳು ಇದೆ ಅಷ್ಟೇ, ಅದು ಫಂಗಸ್. ಮೆಡಿಕಲ್‌ನಿಂದ ತಂದ ಟ್ಯೂಬ್ ಮೇಲೆ ಕ್ಲೋಬೆಟಸಾಲ್ ಅಂತ ಇದೆಯಾ ನೋಡಿ. ಅದು ಸ್ಟೀರಾಯ್ಡ್. ಕೆರೆತ, ಕೆಂಪು ಬೇಗ ಅಡಗುತ್ತೆ, ಆದರೆ ಚರ್ಮದ ತಡೆಯೋ ಶಕ್ತಿ ಕುಗ್ಗಿ ಫಂಗಸ್ ಒಳಗೊಳಗೇ ಹರಡುತ್ತೆ.

ಇನ್ನೊಂದು, ಉಡುದಾರ. ಗದ್ದೆಯಲ್ಲಿ ನೆನೆದರೆ ಸಂಜೆವರೆಗೂ ಒದ್ದೆ, ಫಂಗಸ್ಸಿಗೆ ಅದೇ ಬೇಕು. ನಾನು ಬಿಚ್ಚಿಟ್ಟೆ, ಅಮ್ಮ ಎರಡು ದಿನ ಮಾತಾಡಲಿಲ್ಲ ಬಿಡಿ! ಟವೆಲ್ ಬೇರೆ ಇಟ್ಟುಕೊಳ್ಳಿ. ಮನೆಯಲ್ಲಿ ಬೇರೆಯವರಿಗೂ ಇದ್ದರೆ ಒಟ್ಟಿಗೇ ತೋರಿಸಿ. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಚರ್ಮದ ವಿಭಾಗ ಇದೆ, ಹೋಗುವಾಗ ಆ ಟ್ಯೂಬನ್ನೂ ಜೇಬಿಗೆ ಹಾಕಿಕೊಳ್ಳಿ.