ನಿಮ್ಮ 'ಮುನಿದ ತಾಯಿ' ಕವಿತೆಗಳ ಬಗ್ಗೆ

ನಮಸ್ಕಾರ.

ಪ್ರವಾಹ, ಭೂಕಂಪ, ಚಂಡಮಾರುತದ ಮೇಲೆ ನೀವು ಬರೆದ ಮೂರು ಕವಿತೆಗಳನ್ನು ನಿಧಾನವಾಗಿ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ನದಿ ರಣಚಂಡಿ, ಗಾಳಿಯದು ರುದ್ರತಾಂಡವ, ಭೂಮಿ ಮುನಿದ ತಾಯಿ. ಇವೆಲ್ಲ ಓದುಗರಿಗೆ ಬಾಯಿಪಾಠ ಆಗಿರುವ ಮಾತುಗಳು, ಕಣ್ಣಿಗೆ ಏನೂ ಕಟ್ಟುವುದಿಲ್ಲ. ಅದಕ್ಕಿಂತ ಜಾಸ್ತಿ ನೋಯಿಸಿದ್ದು ಭೂಕಂಪದ ಕವಿತೆಯ ಕೊನೆ: 'ಮನುಜನ ಪಾಪಕೆ ತಾಯಿಯ ಶಿಕ್ಷೆ'. ಶಿಕ್ಷೆ ಅಂದಮೇಲೆ ಸತ್ತವರೆಲ್ಲ ತಪ್ಪು ಮಾಡಿದವರು ಅಂತಾಯಿತು, ಅಲ್ವಾ? ಗೋಡೆಯಡಿ ಸಿಕ್ಕ ಮಗುವಿನ ಪಾಪ ಯಾವುದು? 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದಾಗ ಹಬ್ಬದ ದಿನ. ಎಷ್ಟೋ ಜನ ಚರ್ಚುಗಳಲ್ಲಿ ಪ್ರಾರ್ಥನೆಗೆ ಸೇರಿದ್ದರು. ಲಂಡನ್, ಪ್ಯಾರಿಸ್‌ಗಿಂತ ಲಿಸ್ಬನ್ ಹೆಚ್ಚು ಪಾಪ ಮಾಡಿತ್ತೇ ಎಂದು ಫ್ರೆಂಚ್ ಲೇಖಕ ವೋಲ್ಟೇರ್ ತನ್ನ ಕವಿತೆಯಲ್ಲಿ ಕೇಳಿದ. ಆ ಪ್ರಶ್ನೆ ನಿಮ್ಮ ಕವಿತೆಗೂ ಇದೆ.

ಕಾಡು ಕಡಿದವರ ಮೇಲೆ ಸಿಟ್ಟಿದ್ದರೆ ನೇರವಾಗಿ ಬರೆಯಿರಿ. ಗುಡ್ಡ ಅಗೆದವರು ಬೇರೆ, ಅದು ಜರಿದಾಗ ಮನೆ ಕಳೆದುಕೊಂಡವರು ಬೇರೆ. ಇಬ್ಬರನ್ನೂ ಒಂದೇ ಕಟ್ಟಿಗೆ ಹಾಕಬೇಡಿ.

ಜಪಾನಿನ ಕವಿ ಕಮೊ ನೊ ಚೊಮೆಯ್ 1185ರ ಭೂಕಂಪವನ್ನು ಗದ್ಯದಲ್ಲಿ ಹೇಳಿದ್ದಾನೆ. ಬೆಟ್ಟ ಜರಿದು ಹೊಳೆ ತುಂಬಿತು, ನೆಲ ಬಿರಿದು ನೀರು ಉಕ್ಕಿತು. ಅಲ್ಲಿ ಯಾರೂ ಮುನಿಯುವುದಿಲ್ಲ, ಆದರೂ ಓದುವಾಗ ಎದೆ ನಡುಗುತ್ತದೆ. ಕೆಲವು ವರ್ಷ ಕಳೆದ ಮೇಲೆ ಅದರ ಮಾತೆತ್ತುವವರೇ ಇರಲಿಲ್ಲ ಎಂದೂ ಬರೆಯುತ್ತಾನೆ. ನನಗೆ ಭೂಕಂಪಕ್ಕಿಂತ ಅದೇ ಭಯಂಕರ ಅನಿಸುತ್ತದೆ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಧೂಳು ಆಕಾಶಕ್ಕೆಲ್ಲ ಹರಡಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಆ ಮಬ್ಬಿನಲ್ಲಿ ಇಂಗ್ಲಿಷ್ ಕವಿ ಬೈರನ್ ಬರೆದ ಕವಿತೆಯಲ್ಲಿ ಸೂರ್ಯ ಆರಿಹೋಗಿ, ಜನ ಬೆಳಕಿಗಾಗಿ ತಮ್ಮ ಮನೆಗಳನ್ನೇ ಸುಡುತ್ತಾರೆ.

ನಿಮಗೂ ಅಂಥ ಕಣ್ಣಿದೆ. 'ನೀರಿಳಿದರೂ ಕಪಾಟಿನ ಬಾಗಿಲು ಉಬ್ಬಿ ತೆರೆಯಲಿಲ್ಲ' ಎಂಬ ಸಾಲಿನಲ್ಲಿ ಪ್ರವಾಹ ನಿಜವಾಗಿ ಕಂಡಿತು. ಮರುಸಾಲಿನಲ್ಲೇ 'ಅಯ್ಯೋ ವಿಧಿಯೇ' ಎಂದು ಕೂಗಿ ಕೆಡಿಸಿದಿರಿ.

ಆ ಕವಿತೆಯನ್ನು ಕಪಾಟಿನಿಂದಲೇ ಶುರು ಮಾಡಿ ಮತ್ತೆ ಬರೆಯಿರಿ. ಒಳಗೆ ಏನಿತ್ತು, ಯಾರು ಎಳೆದರು, ನೀರು ಎಷ್ಟು ದಿನ ನಿಂತಿತ್ತು ಹೇಳಿ. ಪ್ರಾಸ ತಾನಾಗಿ ಬಂದರೆ ಇರಲಿ, ಸುಮ್ನೆ ಎಳೆದು ತರಬೇಡಿ. ಉಳಿದೆರಡು ಬೇಡ. ಇದೊಂದನ್ನು ತಿದ್ದಿ ಕಳಿಸಿ, ಖಂಡಿತ ಓದುತ್ತೇನೆ.